ಕೌದಿಯ ಹಂತಗಳು ಮತ್ತು ಕೂಡುದುಡಿಮೆ

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿ ಸಿದ್ಧಪಡಿಸುವ ಹಾಸಿಗೆ-ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಹೆಸರು. ಕವದಿ, ಕವುದಿ ಎಂಬ ಉಚ್ಚಾರಭೇದಗಳೂ ಇವೆ. ತೆಲುಗು ಗಡಿಗೆ ಹತ್ತಿರದ ಸೀಮೆಗಳಲ್ಲಿ ಇದೇ ಬೊಂತೆ, ಮರಾಠಿಯಲ್ಲಿ ಗೋಧಡಿ, ಉತ್ತರ ಕನ್ನಡದ ಸಿದ್ದಿಗಳಲ್ಲಿ ಕವಂದ. ಸಂನ್ಯಾಸಿಗಳ ತೇಪೆಯ ಹೊದಿಕೆಯಾದ ಕಂಥೆಗೂ ಬಂಗಾಳದ ಕಾಂಥಾಕ್ಕೂ ಇರುವ ನಂಟು ಭಾಷಾಶಾಸ್ತ್ರಜ್ಞರ ವಿಷಯ. ಇಲ್ಲಿ ಪ್ರಸ್ತುತವಾದುದು ಬೇರೆ: ಕೌದಿ ಒಂದೇ ಕೂಡ್ರಿಕೆಯಲ್ಲಿ, ಒಬ್ಬರ ಕೈಯಲ್ಲಿ ಮುಗಿಯುವ ವಸ್ತುವಲ್ಲ. ಅದು ಹಂತಹಂತವಾಗಿ ಬೆಳೆಯುವಂಥದು. ಆ ಹಂತಗಳ ನಡುವೆ ಒಂದು ಓಣಿಯ ಹೆಂಗಸರ ಸಂಬಂಧಗಳು, ಋಣಗಳು, ಕೆಲವೊಮ್ಮೆ ಪೈಪೋಟಿಗಳು ಸೇರಿಕೊಂಡಿರುತ್ತವೆ. ವಸ್ತುವನ್ನು ಮಾತ್ರ ಸಂಗ್ರಹಿಸಿ ಹಂತಗಳನ್ನು ಬಿಟ್ಟುಬಿಟ್ಟರೆ ಅಧ್ಯಯನಕ್ಕೆ ಉಳಿಯುವುದು ಅರ್ಧ ಮಾತ್ರ.

ಕನ್ನಡ ಜಾನಪದ ಸಂಗ್ರಹಕಾರ್ಯ ಬಹುಕಾಲ ಹಾಡಿನ ಬೆನ್ನು ಹಿಡಿದು ನಡೆಯಿತು. ಬೀಸುವ, ಕುಟ್ಟುವ, ನಾಟಿ ಹಾಕುವ ಕೆಲಸಗಳಿಗೆ ತಮ್ಮವೇ ಆದ ಪದಗಳಿದ್ದುದರಿಂದ ಆ ದುಡಿಮೆಗಳೂ ಹಾಡಿನ ಜೊತೆಗೆ ಗ್ರಂಥಸ್ಥವಾದವು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಮೊದಲ್ಗೊಂಡು ಅನೇಕ ಸಂಕಲನಗಳು ಹೆಣ್ಣಿನ ದುಡಿಮೆಯ ಲೋಕವನ್ನು ವಿದ್ವತ್ತಿನ ಎದುರಿಗಿಟ್ಟವು. ಆದರೆ ‘ಕೌದಿಯ ಪದ’ ಎಂಬುದೊಂದು ಪ್ರತ್ಯೇಕ ವರ್ಗವಾಗಿ ನೆಲೆನಿಲ್ಲಲಿಲ್ಲ. ಬೀಸುಕಲ್ಲಿಗೆ ಇರುವ ಸುತ್ತಿನ ಲಯ ಸೂಜಿಗೆ ಇಲ್ಲ. ನಾಲ್ಕು ಜನ ನಾಲ್ಕು ಕಡೆ ಕೂತು ಹೊಲಿಯುವಾಗ ನಡೆಯುವುದು ಹಾಡಿಗಿಂತ ಹೆಚ್ಚಾಗಿ ಮಾತು. ಮಾತನ್ನು ಸಂಗ್ರಹಿಸುವುದು ಕಷ್ಟ, ಅದನ್ನು ಸಂಪಾದಿಸುವುದು ಇನ್ನೂ ಕಷ್ಟ. ಕೌದಿಯ ಬಗೆಗಿನ ಬರವಣಿಗೆ ಕನ್ನಡದಲ್ಲಿ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಕೌದಿಯ ಮೊದಲ ಹಂತ ಹೊಲಿಗೆಯಲ್ಲ, ಕೂಡಿಡುವಿಕೆ. ಸೀರೆ, ಧೋತರ, ಅಂಗಿ, ಪರಕಾರ, ಹಾಸಿಗೆಯ ಮೇಲುಹೊದಿಕೆ ಹೀಗೆ ಉಟ್ಟು ತೊಟ್ಟು ಮೆತ್ತಗಾದ ಹತ್ತಿಯ ಬಟ್ಟೆಗಳು ಗಂಟಿನಲ್ಲಿ ಸೇರುತ್ತ ಹೋಗುತ್ತವೆ. ಈ ಗಂಟು ತುಂಬಲು ವರ್ಷವೂ ಆಗಬಹುದು, ಎರಡು-ಮೂರು ವರ್ಷವೂ ಆಗಬಹುದು. ಬಟ್ಟೆ ಹಳೆಯದಾಗಿರಬೇಕೆಂಬುದು ಬಡತನದ ನಿಯಮ ಮಾತ್ರವಲ್ಲ. ಹೊಸ ಬಟ್ಟೆ ಗಂಜಿಯಿಂದ ಬಿರುಸಾಗಿರುತ್ತದೆ, ಹಲವು ಪದರಗಳನ್ನು ಸೂಜಿ ಸುಲಭವಾಗಿ ದಾಟುವುದಿಲ್ಲ, ತೊಳೆದಾಗ ಒಂದು ಪದರ ಕುಗ್ಗಿ ಇನ್ನೊಂದು ಕುಗ್ಗದೆ ಸುಕ್ಕು ಬೀಳುತ್ತದೆ. ಹತ್ತಾರು ಸಲ ಒಗೆದ ಸೀರೆಗೆ ಈ ತೊಂದರೆಯಿಲ್ಲ. ಮೃತರ ಬಟ್ಟೆಯನ್ನು ಸೇರಿಸುವ ವಿಷಯದಲ್ಲಿ ಮನೆಯಿಂದ ಮನೆಗೆ ರೂಢಿ ಬೇರೆ. ಕೆಲವರು ಅದನ್ನು ದೂರವಿಡುತ್ತಾರೆ. ಕೆಲವರಿಗೆ ಅಜ್ಜಿಯ ಸೀರೆಯಿಲ್ಲದ ಕೂಸಿನ ಕೌದಿ ಕೌದಿಯೇ ಅಲ್ಲ.

ಎರಡನೆಯ ಹಂತದಲ್ಲಿ ಗಂಟು ಬಿಚ್ಚಿ ಬಟ್ಟೆಗಳನ್ನು ಒಗೆದು ಒಣಗಿಸುತ್ತಾರೆ. ಅಂಗಿಯ ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಕೊರಳು-ಕಂಕುಳಿನ ಸವೆದ ಭಾಗ ತೆಗೆಯುತ್ತಾರೆ. ಸೀರೆಯ ದಡಿ ಮತ್ತು ಸೆರಗು ಬೇರೆಯಾಗುತ್ತವೆ, ಏಕೆಂದರೆ ಇಳಕಲ್ಲ ಸೀರೆಯ ದಡಿಯಂಥ ಗಟ್ಟಿ ಭಾಗ ಒಡಲು ಹರಿದ ಮೇಲೂ ಬಾಳುತ್ತದೆ; ಅದು ಮುಂದೆ ಕೌದಿಯ ಅಂಚಿಗೆ ಬರುತ್ತದೆ. ಸಾಧ್ಯವಿದ್ದಲ್ಲಿ ಕತ್ತರಿಗಿಂತ ಕೈಯಿಂದ ಸೀಳುವುದೇ ವಾಡಿಕೆ. ಸೀಳಿದ ಬಟ್ಟೆ ನೂಲಿನ ದಾರಿಯನ್ನೇ ಹಿಡಿಯುವುದರಿಂದ ತುಂಡು ನೇರವಾಗಿ ಬರುತ್ತದೆ. ಈ ಹಂತದ ಕೆಲಸದಲ್ಲಿ ಮಕ್ಕಳೂ ಮುದುಕಿಯರೂ ಪಾಲುಗೊಳ್ಳುತ್ತಾರೆ.

ಹಾಸುವ ದಿನ ನಿಜವಾದ ಕೂಟ ಆರಂಭ. ಸುಗ್ಗಿ ಮುಗಿದು ಹೊಲದ ಕೆಲಸ ತೆರವಾದ ಮೇಲೆ, ಮಳೆಗಾಲ ಹಿಡಿಯುವ ಮುನ್ನ, ಪಡಸಾಲೆಯನ್ನೋ ಗುಡಿಯ ಕಟ್ಟೆಯನ್ನೋ ಗುಡಿಸಿ ಸಾರಿಸಿ ತಳದ ಬಟ್ಟೆ ಹಾಸುತ್ತಾರೆ. ತಳಕ್ಕೆ ಸಾಮಾನ್ಯವಾಗಿ ಇಡಿಯ ಸೀರೆ. ಅದನ್ನು ನಾಲ್ಕು ಕಡೆಯಿಂದ ಬಿಗಿಯಾಗಿ ಎಳೆದು ಮೂಲೆಗೆ ಕಲ್ಲಿಡುತ್ತಾರೆ. ಮೇಲೆ ತುಂಬು ಪದರಗಳು; ಇಲ್ಲಿಗೆ ಬರುವುದು ಕಣ್ಣಿಗೆ ಕಾಣಬಾರದಷ್ಟು ಹರಿದ, ಬಣ್ಣಗೆಟ್ಟ ಬಟ್ಟೆ. ತೂತಿದ್ದಲ್ಲಿ ಇನ್ನೊಂದು ತುಂಡು ಬೀಳಬೇಕು, ಎಲ್ಲಿಯೂ ಗುಡ್ಡೆಯಾಗಬಾರದು. ಅಂಗೈಯಿಂದ ಸವರಿ ಸವರಿ ದಪ್ಪ ನೋಡುವ ಈ ಕೆಲಸವನ್ನು ಓಣಿಯ ಅನುಭವಸ್ಥೆಗೇ ಬಿಡುವುದು ರೂಢಿ. ಹಾಸು ಕೆಟ್ಟರೆ ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಕೌದಿ ಕೆಟ್ಟಂತೆ. ಕೊನೆಗೆ ಮೇಲ್ಮೈಯ ತೇಪೆಗಳು. ಚೌಕ, ತ್ರಿಕೋನ, ಉದ್ದ ಪಟ್ಟಿಗಳ ಜೋಡಣೆಯಲ್ಲಿ ಮನೆಯೊಡತಿಯ ಮಾತು ನಡೆಯುತ್ತದೆ, ಆದರೆ ಅದಕ್ಕೆ ತಕರಾರು ಎತ್ತುವ ಹಕ್ಕು ಕೂತವರೆಲ್ಲರಿಗೂ ಉಂಟು.

ಹೊಲಿಗೆ ಸಾದಾ, ಸೂಜಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೋಗುತ್ತ ಸಾಲು ಹಿಡಿಯುತ್ತದೆ. ಇದರಲ್ಲಿ ಚಾತುರ್ಯವೇನಿದೆ ಎಂದು ಕೇಳುವವರು ನಾಲ್ವರು ಒಂದೇ ಕೌದಿಗೆ ಕೂತಾಗ ಏನಾಗುತ್ತದೆಂಬುದನ್ನು ಗಮನಿಸಬೇಕು. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುಸುತ್ತಾಗಿ ನಡುವಿಗೆ ಸಾಗುವ ಪದ್ಧತಿಯಲ್ಲಿ ನಾಲ್ಕು ಬದಿಯವರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಒಳಸರಿಯಬೇಕು. ಒಬ್ಬಳ ದಾರ ಬಿಗಿಯಾದರೆ ಬಟ್ಟೆ ಅವಳ ಕಡೆ ಎಳೆದುಕೊಂಡು ಎದುರು ಬದಿ ಸೊಟ್ಟಗಾಗುತ್ತದೆ. ಒಬ್ಬಳ ಹೊಲಿಗೆ ದೊಡ್ಡದಾದರೆ ಆ ಭಾಗ ಮೊದಲು ಹರಿಯುತ್ತದೆ, ಹರಿದಾಗ ಅದು ಯಾರ ಬದಿಯೆಂದು ಓಣಿಗೆಲ್ಲ ಗೊತ್ತಿರುತ್ತದೆ. ಮೂಲೆಯಲ್ಲಿ ಇಬ್ಬರ ಸಾಲುಗಳು ಸಂಧಿಸಲೇಬೇಕು. ಹೀಗಾಗಿ ಕೌದಿಯ ಕೂಟದಲ್ಲಿ ಸಹಕಾರವೂ ಸವಾಲೂ ಬೇರೆಬೇರೆಯಲ್ಲ: ಮುಂದೆ ಓಡುವವಳನ್ನು ತಡೆಯಬೇಕು, ಹಿಂದೆ ಬಿದ್ದವಳಿಗೆ ಹೊಂದಿಕೊಳ್ಳಬೇಕು, ಇಷ್ಟಾದರೂ ತನ್ನ ಸಾಲು ಎಲ್ಲರಿಗಿಂತ ನೇರವಾಗಿರಬೇಕೆಂಬ ಹಟವನ್ನು ಬಿಡಲಾಗದು. ಒಬ್ಬಳೇ ಕೂತರೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ ಕೂಟದಲ್ಲಿ ಕೆಲವೇ ದಿನಗಳಿಗೆ ಇಳಿಯುತ್ತದೆ.

ಈ ದಿನಗಳಿಗೆ ಕೂಲಿಯಿಲ್ಲ, ಲೆಕ್ಕವಂತೂ ಇದೆ. ಹೊಲಗದ್ದೆಯಲ್ಲಿ ಮುಯ್ಯಾಳು, ಮಲೆನಾಡಿನ ಕಡೆ ಮುರಿಯಾಳು ಎಂದು ಕರೆಯುವ ದುಡಿಮೆಯ ವಿನಿಮಯವೇ ಇಲ್ಲಿಯೂ ಕೆಲಸ ಮಾಡುತ್ತದೆ. ಇಂದು ಇವಳ ಪಡಸಾಲೆಯಲ್ಲಿ ಕೂತವಳು ನಾಳೆ ತನ್ನ ಗಂಟು ಬಿಚ್ಚಿದಾಗ ಇವಳನ್ನು ಕರೆಯುತ್ತಾಳೆ. ಬರದಿದ್ದರೆ ಅದು ಮರೆಯುವ ಸಂಗತಿಯಲ್ಲ. ಸೂಜಿ-ದಾರ ಮನೆಯೊಡತಿಯದು, ಚಹಾ ಮತ್ತು ಊಟವೂ ಅವಳದೇ. ಇದಕ್ಕಿಂತ ಭಿನ್ನವಾಗಿ, ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಈ ಸೀಮೆಯಲ್ಲಿ ಇದ್ದರು. ಬಟ್ಟೆ ಮನೆಯವರದು, ಕೈ ಅವರದು. ಮುಯ್ಯಿ ತೀರಿಸುವಷ್ಟು ಬಿಡುವಿಲ್ಲದ ಮನೆಗಳು ಅವರನ್ನು ಅವಲಂಬಿಸಿದವು. ಒಂದೇ ಊರಿನಲ್ಲಿ ಋಣದ ಕೌದಿಯೂ ಕೂಲಿಯ ಕೌದಿಯೂ ಜೊತೆಜೊತೆಗೆ ಇದ್ದವೆಂಬುದನ್ನು ಮರೆತು ಹಳೆಯ ಕಾಲವನ್ನು ಬರೀ ಸಹಕಾರದ ಕಾಲವೆಂದು ಚಿತ್ರಿಸುವುದು ಸರಿಯಲ್ಲ.

ಮುಗಿತಾಯಕ್ಕೂ ತನ್ನದೇ ವಿಧಿಯಿದೆ. ಕೌದಿ ಹಸಿದಿರಬಾರದೆಂದು ಕೊನೆಯ ತೇಪೆ ಮುಚ್ಚುವ ಮುನ್ನ ರೊಟ್ಟಿಯ ಚೂರನ್ನೋ ಕಾಳುಗಳನ್ನೋ ಒಳಗಿಡುವ ರೂಢಿ ಕೆಲವು ಮನೆಗಳಲ್ಲಿ ಕಂಡುಬರುತ್ತದೆ. ಇದಕ್ಕೆ ಹೊಟ್ಟೆ ತುಂಬಿಸುವುದೆಂದು ಅರ್ಥ. ಮಹಾರಾಷ್ಟ್ರದ ಗೋಧಡಿಗೂ ಇಂಥದೇ ಆಚರಣೆಯುಂಟು. ಕೂಸಿನ ಕೌದಿಯಾದರೆ ಕುಂಚಿಗೆಯೊಂದಿಗೆ ಬಾಣಂತಿಯ ಜೊತೆ ಗಂಡನ ಮನೆಗೆ ಹೊರಡುತ್ತದೆ; ತವರಿನ ಓಣಿಯ ಎಷ್ಟೋ ಮನೆಗಳ ಬಟ್ಟೆ ಹೀಗೆ ಇನ್ನೊಂದೂರಿನ ತೊಟ್ಟಿಲು ಸೇರುತ್ತದೆ.

ಸಿದ್ದಿಗಳ ಕವಂದ ಇದಕ್ಕೆ ಹತ್ತಿರವಾದರೂ ಪ್ರತ್ಯೇಕ ಗಮನಕ್ಕೆ ಅರ್ಹ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಹೆಚ್ಚಾಗಿ ನೆಲೆಸಿರುವ, ಆಫ್ರಿಕಾ ಮೂಲದ ಈ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದ ಸಿದ್ದಿಗಳಲ್ಲಿ ಕವಂದ ಸಮಾನ. ಇಲ್ಲಿ ತೇಪೆಗಳನ್ನು ಮೊದಲೇ ಹಾಸಿಡುವುದಿಲ್ಲ. ಮೂಲೆಯೊಂದರಿಂದ ಹೊರಟು ಅಂಚಿನುದ್ದಕ್ಕೂ ಒಂದೊಂದೇ ತೇಪೆ ಕೂಡಿಸಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಆದುದರಿಂದ ವಿನ್ಯಾಸ ಹೊಲಿಗೆಯ ಜೊತೆಗೇ ಹುಟ್ಟುತ್ತದೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ಬಟ್ಟೆಗಳನ್ನು ಒಂದರ ಮೇಲೊಂದು ಕೂರಿಸಿದ ‘ಫೂಲ’ ಇರಲೇಬೇಕು, ಅದಿಲ್ಲದ ಕವಂದ ಬೆತ್ತಲೆಯೆಂದು ಅವರ ಭಾವನೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ಅಧ್ಯಯನದಿಂದ ಇವು ಹೊರಜಗತ್ತಿಗೆ ಪರಿಚಯವಾಗಿ, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹೊಲಿಯುವ ಹೆಂಗಸರ ಸಹಕಾರಿ ಗುಂಪೂ ರೂಪುಗೊಂಡಿತು. ಕಾಡಿನ ಊರಿನ ಹೊದಿಕೆಗೆ ಬೆಲೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಮಾರಾಟದ ಕವಂದಕ್ಕೆ ಮನೆಯ ಹಳೆಯ ಬಟ್ಟೆ ಸಾಲುವುದಿಲ್ಲ, ಅಳತೆಯೂ ಗಡುವೂ ಕೊಳ್ಳುವವರದು. ಕೂಡಿಡುವ ಮೊದಲ ಹಂತವೇ ಅಲ್ಲಿ ಕಳಚಿಬೀಳುತ್ತದೆ.

ಕೂಡುದುಡಿಮೆಯ ಇನ್ನೊಂದು ಆಧುನಿಕ ರೂಪ 2023ರ ಜುಲೈನಲ್ಲಿ ಹಂಪಿಯಲ್ಲಿ ಕಾಣಿಸಿತು. ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಪ್ರಮಾಣದಲ್ಲಿ ಯಾವ ಓಣಿಯ ಕೂಟವೂ ಇದರ ಹತ್ತಿರ ಬರಲಾರದು. ಆದರೂ ರಚನೆಯ ದೃಷ್ಟಿಯಿಂದ ಇವೆರಡು ಬೇರೆ. ಇಲ್ಲಿ ಪ್ರತಿಯೊಂದು ತುಣುಕೂ ಸ್ವತಂತ್ರ, ಕೂಡುವುದು ಎಣಿಕೆಯಲ್ಲಿ. ವಾಷಿಂಗ್ಟನ್ನಿನಲ್ಲಿ 1987ರಲ್ಲಿ ಹಾಸಲಾದ ಏಡ್ಸ್ ಸ್ಮಾರಕ ಕೌದಿಯೂ ಇದೇ ಬಗೆಯದು: ತೀರಿಹೋದವರ ನೆನಪಿಗೆ ಆಪ್ತರು ತಂತಮ್ಮ ಊರುಗಳಲ್ಲಿ ಹೊಲಿದ, ಮೂರು ಅಡಿ ಅಗಲ ಆರು ಅಡಿ ಉದ್ದದ ಫಲಕಗಳು ಅಲ್ಲಿ ಒಂದಾದವು. ಓಣಿಯ ಕೌದಿಯಲ್ಲಾದರೋ ಒಬ್ಬಳ ತಪ್ಪು ಇನ್ನೊಬ್ಬಳ ಸಾಲನ್ನು ಕೆಡಿಸುತ್ತದೆ.

ಹೋಲಿಕೆಗೆ ದಕ್ಷಿಣ ಕನ್ನಡದ ಪುತ್ತೂರು-ಸುಳ್ಯ ಸೀಮೆಯನ್ನು ನೋಡಬಹುದು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಇಲ್ಲಿ ಕೌದಿಯ ಸಂಪ್ರದಾಯ ಬೇರೂರಲಿಲ್ಲ. ಹಲವು ಪದರದ ಹತ್ತಿ ಆಷಾಢದಲ್ಲಿ ಒಣಗುವುದು ದುಸ್ತರ. ಹತ್ತಿ ಬೆಳೆಯುವ ನೆಲವೂ ಇದಲ್ಲ. ಹಾಸಿಗೆಯ ಸ್ಥಾನದಲ್ಲಿ ಇದ್ದುದು ಮುಂಡೇವಿನ ಚಾಪೆ, ತುಳುವಿನಲ್ಲಿ ಪಜೆ. ಎಲೆ ಕೊಯ್ದು ಅಂಚಿನ ಮುಳ್ಳು ತೆಗೆದು, ಒಣಗಿಸಿ, ಸಮನಾಗಿ ಸೀಳಿ, ನೇಯುವ ಅದರ ಕೆಲಸವೂ ಹಂತಗಳದೇ. ಹೊದಿಕೆ-ಹಾಸಿಗೆಗಳ ಅಧ್ಯಯನ ಬಟ್ಟೆಯಲ್ಲೇ ನಿಲ್ಲದೆ ಮಳೆ, ಬೆಳೆ, ಬಿಡುವಿನ ಕಾಲಗಳನ್ನು ಒಳಗೊಳ್ಳಬೇಕೆಂಬುದಕ್ಕೆ ಈ ಎರಡು ಸೀಮೆಗಳ ನಡುವಿನ ವ್ಯತ್ಯಾಸವೇ ಸಾಕ್ಷಿ.

ಇಂದು ಕೌದಿಯನ್ನು ಹಿಮ್ಮೆಟ್ಟಿಸಿರುವುದು ಅಗ್ಗದ ರಗ್ಗು ಮಾತ್ರವಲ್ಲ. ಪಾಲಿಯೆಸ್ಟರ್ ಸೀರೆ ಹತ್ತಿಯಂತೆ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ. ಪದರಗಳು ಜಾರಿ ಹೊಲಿಗೆ ನಿಲ್ಲುವುದಿಲ್ಲ. ಗಂಟಿನಲ್ಲಿ ಕೂಡಿಡಲು ತಕ್ಕ ಬಟ್ಟೆಯೇ ಕಡಿಮೆಯಾದಾಗ ಕೂಟಕ್ಕೆ ನೆಪ ಉಳಿಯುವುದಿಲ್ಲ. ಆದಕಾರಣ ಬದುಕಿರುವ ಹೊಲಿಗೆಗಾರ್ತಿಯರಿಂದ ಹಂತಗಳ ವಿವರವನ್ನು ದಾಖಲಿಸುವ ಕೆಲಸ ವಸ್ತುಸಂಗ್ರಹಕ್ಕಿಂತ ತುರ್ತಿನದು. ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಊರು, ಅಳತೆ, ಅಂದಾಜು ಕಾಲ ಬರೆದರೆ ಸಾಲದು. ಯಾವ ತೇಪೆ ಯಾರ ಮನೆಯದು, ಯಾವ ಬದಿಗೆ ಯಾರು ಕೂತರು, ಹಾಸಿದವರು ಯಾರು, ಕೂಲಿಯದೋ ಮುಯ್ಯಿಯದೋ ಎಂಬುದನ್ನೂ ಕೇಳಿ ಬರೆಯಬೇಕು. ಹೊಲಿದವರು ಇರುವಷ್ಟು ದಿನ ಮಾತ್ರ ಇವಕ್ಕೆ ಉತ್ತರ ಸಿಗುತ್ತದೆ.

ಸಂಗ್ರಹಕ್ಕೆ ಬಂದ ಕೌದಿಯ ಹರಿದ ಅಂಚನ್ನು ಅವಸರದಿಂದ ಹೊಲಿದು ಮುಚ್ಚದಿರುವುದೂ ಒಳಿತು. ಪೂರ್ತಿ ಸವೆದ ಕೌದಿಯನ್ನು ಎಸೆಯದೆ ಹೊಸದರ ತುಂಬು ಪದರವಾಗಿ ಹಾಸುವ ರೂಢಿ ಇದ್ದುದರಿಂದ ಒಂದು ಕೌದಿಯೊಳಗೆ ಅದಕ್ಕಿಂತ ಹಿಂದಿನ ತಲೆಮಾರಿನ ಇನ್ನೊಂದು ಇರಬಹುದು. ಮೇಲಿನ ತೇಪೆ ಹರಿದ ಜಾಗದಲ್ಲಿಯೇ ಒಳಗಿನದರ ಹೊಲಿಗೆಯ ಸಾಲು ಕಣ್ಣಿಗೆ ಬೀಳುವುದು.