ಕೋಳಿಮರಿ ಹೊತ್ತದ್ದು ಯಾರು?

ಬೆಳಗಿನ ಹೊತ್ತು. ಹಿತ್ತಲಲ್ಲಿ ಕೋಳಿ ಮರಿಗಳ ಜೊತೆ ಮಣ್ಣು ಕೆದಕುತ್ತಾ ಇದೆ. ಇದ್ದಕ್ಕಿದ್ದ ಹಾಗೆ ಕಿರುಚಿಕೊಳ್ಳುತ್ತದೆ. ಮರಿಗಳು ಓಡಿ ತಾಯಿಯ ರೆಕ್ಕೆಯೊಳಗೆ ಸೇರುತ್ತವೆ. ಎಣಿಸಿದರೆ ಒಂದು ಮರಿ ಕಡಿಮೆ! "ಹಾಳು ಹದ್ದು" ಅಂತ ನಾವು ಬೈಯುತ್ತೇವೆ. ಆದರೆ ಹೊತ್ತದ್ದು ಹದ್ದೇನಾ?

ನಮ್ಮ ಬೀದಿಯ ಒಬ್ಬ ಅಕ್ಕನ ಮನೆಯಲ್ಲಿ ಹೀಗೇ ಆಯಿತು. ಒಂದೇ ವಾರದಲ್ಲಿ ನಾಲ್ಕು ಮರಿ ಹೋದವು. ಕೋಳಿ ಮಾರಿದ ದುಡ್ಡಲ್ಲೇ ಅವರು ಮಗಳ ಪುಸ್ತಕ ಕೊಳ್ಳಬೇಕಿತ್ತು. ಸಿಟ್ಟು ಬಂದು, ಮೀನಿನ ಕರುಳಿಗೆ ಇಲಿಪಾಷಾಣ ಸವರಿ ಮಾಡಿನ ಮೇಲೆ ಇಡ್ತೀನಿ ಅಂದರು. "ಅಕ್ಕಾ, ಒಂದಿನ ತಡೀರಿ, ಕಳ್ಳ ಯಾರು ಅಂತ ಮೊದಲು ನೋಡೋಣ" ಅಂದೆವು.

ಬೇಟೆ ಹಕ್ಕಿ ಗುರುತಿಸುವುದು ಕಷ್ಟವಲ್ಲ. ಬಾಲ ನೋಡಬೇಕು. ಬಣ್ಣ ನೋಡಬೇಕು. ಹಾರುವ ರೀತಿ ನೋಡಬೇಕು.

ಆಕಾಶದಲ್ಲಿ ರೆಕ್ಕೆ ಬಡಿಯದೆ ಸುತ್ತು ಹಾಕುವ ದೊಡ್ಡ ಕಂದು ಹಕ್ಕಿಯೇ ಹದ್ದು. ಅದರ ಬಾಲ ಮೀನಿನ ಬಾಲದ ಹಾಗೆ ನಡುವೆ ಸೀಳಿರುತ್ತದೆ. ಬಾಲ ಅಗಲಿಸಿದಾಗ ಮಾತ್ರ ಸೀಳು ಕಾಣೋದಿಲ್ಲ, ಸ್ವಲ್ಪ ಹೊತ್ತು ಕಾದು ನೋಡಿ. ಸತ್ತ ಇಲಿ, ಮಾಂಸದಂಗಡಿಯ ಕಸ ಇದರ ಮುಖ್ಯ ಊಟ. ಮರಿ ಸಿಕ್ಕರೂ ಬಿಡುವುದಿಲ್ಲ.

ಗರುಡ ನಿಮಗೆ ಗೊತ್ತೇ ಇದೆ. ತಲೆ, ಎದೆ ಬಿಳಿ. ಮೈ ಇಟ್ಟಿಗೆ ಕೆಂಪು. ಕಂಡರೆ ಕೈ ಮುಗಿಯುತ್ತೇವೆ. ಎಳೆ ಗರುಡ ಮಾತ್ರ ಕಂದು ಬಣ್ಣ, ಹದ್ದಿನ ಹಾಗೇ ಕಾಣುತ್ತದೆ. ಆದರೆ ಬಾಲದ ತುದಿ ಗುಂಡಗೆ ಇರುತ್ತದೆ.

ಮೂರನೆಯದು ಬಿಜ್ಜು. ಶಿಕ್ರಾ ಅಂತಲೂ ಹೇಳುತ್ತಾರೆ. ಇದನ್ನು ನೋಡಿದವರು ಕಡಿಮೆ. ಯಾಕಂದ್ರೆ ಇದು ಎಲೆ ಮರೆಯಲ್ಲಿ ಸದ್ದಿಲ್ಲದೆ ಕೂರುತ್ತದೆ. ಗಾತ್ರ ಪಾರಿವಾಳದಷ್ಟು. ಬೆನ್ನು ಬೂದಿ ಬಣ್ಣ. ಎದೆಯ ಮೇಲೆ ನಸುಗೆಂಪು ಅಡ್ಡಗೆರೆ. ಗಂಡಿನ ಕಣ್ಣು ಕೆಂಪು. ಹೆಣ್ಣು ಗಂಡಿಗಿಂತ ದೊಡ್ಡದು! ನಾಲ್ಕೈದು ಸಲ ರೆಕ್ಕೆ ಬಡಿದು, ಆಮೇಲೆ ತೇಲಿಕೊಂಡು, ನೆಲದ ಹತ್ತಿರದಲ್ಲೇ ಬಾಣದ ಹಾಗೆ ಬರುತ್ತದೆ. ಓತಿಕ್ಯಾತ, ಅಳಿಲು, ಗುಬ್ಬಚ್ಚಿ ಹಿಡಿಯುತ್ತದೆ.

ನಾವು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಕಾದೆವು. ಹದ್ದು ಮೇಲೆ ಸುತ್ತುತ್ತಲೇ ಇತ್ತು. ಆದರೆ ಅದು ಇಳಿದದ್ದು ಅಕ್ಕ ಬೇಲಿ ಬದಿಗೆ ಎಸೆದಿದ್ದ ಮೀನಿನ ಕಸಕ್ಕೆ. ಮರಿಗೆ ಎರಗಿದ್ದು ನುಗ್ಗೆಮರದ ಬಿಜ್ಜು. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡರು.

ರಾತ್ರಿ ಬರುವವರೂ ಇದ್ದಾರೆ. ಹಾಲಕ್ಕಿ ಅಂದರೆ ಮೈಮೇಲೆ ಬಿಳಿ ಚುಕ್ಕೆ ಇರುವ ಪುಟ್ಟ ಗೂಬೆ. ಬುಡುಬುಡಿಕೆಯವರು ಶಕುನ ಹೇಳುವಾಗ ಹೆಸರಿಸುತ್ತಾರಲ್ಲ, ಅದೇ. ಕಣಜಗೂಬೆಯದು ವೀಳ್ಯದೆಲೆ ಆಕಾರದ ಬಿಳಿ ಮುಖ. ಇಲಿಯನ್ನು ಇಡಿಯಾಗಿ ನುಂಗುತ್ತದೆ. ಆಮೇಲೆ ಕೂದಲು, ಮೂಳೆಯನ್ನು ಉಂಡೆ ಮಾಡಿ ಕಕ್ಕುತ್ತದೆ. ಗೋಡೆ ಬುಡದಲ್ಲಿ ಅಂಥ ಉಂಡೆ ಬಿದ್ದಿದ್ದರೆ ಮಾಟ ಅಂತ ಹೆದರಬೇಡಿ. ಅಷ್ಟು ಇಲಿ ಕಡಿಮೆಯಾಯಿತು ಅಂತ ತಿಳಿಯಿರಿ. ಗೂಬೆ ಕೂತರೆ ಮನೆಗೆ ಕೇಡು ಅನ್ನುವುದನ್ನು ನಾವಂತೂ ನಂಬುವುದಿಲ್ಲ.

ಪಾಷಾಣ ಇಟ್ಟರೆ ಏನಾಗುತ್ತದೆ? ಅದನ್ನು ಕಾಗೆ ತಿನ್ನಬಹುದು, ನಾಯಿ ತಿನ್ನಬಹುದು, ಮಗುವಿನ ಕೈಗೂ ಸಿಗಬಹುದು. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಹಕ್ಕಿಗಳನ್ನು ಕೊಲ್ಲುವುದು ಅಪರಾಧ. ಜೈಲೂ ಆಗಬಹುದು.

ಅಕ್ಕ ಪಾಷಾಣದ ಪೊಟ್ಟಣ ಬಿಚ್ಚಲಿಲ್ಲ. ಮರಿಗಳ ಮೇಲೆ ಬಿದಿರಿನ ಬುಟ್ಟಿ ಕವುಚಿದರು. ಸ್ವಲ್ಪ ಬಲಿತ ಮೇಲೆ, ಹಳೆ ಬಲೆ ಕಟ್ಟಿದ ಮೂಲೆಯಲ್ಲಿ ಮೇಯಲು ಬಿಟ್ಟರು. ಮೀನಿನ ಕಸವನ್ನು ಗುಂಡಿ ತೋಡಿ ಮುಚ್ಚಿದರು. ಉಳಿದ 7 ಮರಿಗಳೂ ದೊಡ್ಡವಾದವು. ಬಿಜ್ಜು ಈಗಲೂ ನುಗ್ಗೆಮರಕ್ಕೆ ಬರ್ತದೆ. ಬೇಲಿ ಮೇಲಿನ ಓತಿಕ್ಯಾತ ಹಿಡಿದುಕೊಂಡು ಹೋಗ್ತದೆ.