ಗೋಡೆಯ ಮೇಲಿನ ಕಪ್ಪು ಕಲೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಮೀಪ ರಾಚ್‌ಡೇಲ್ ಎಂಬ ಪಟ್ಟಣವಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. 2020ರ ಡಿಸೆಂಬರ್ 21ರಂದು ಅಲ್ಲಿ ಅವಾಬ್ ಇಶಾಕ್ ಎಂಬ ಗಂಡು ಮಗು ತೀರಿಕೊಂಡಿತು. ಅದಕ್ಕೆ ಎರಡು ವರ್ಷ ತುಂಬಿ ಎಂಟು ದಿನಗಳಾಗಿದ್ದವು, ಅಷ್ಟೇ. ಸಾವಿನ ವಿಚಾರಣೆ ನಡೆಸಿದ ನ್ಯಾಯಾಧಿಕಾರಿ 2022ರ ನವೆಂಬರ್‌ನಲ್ಲಿ ನೀಡಿದ ತೀರ್ಮಾನ ಇಡೀ ದೇಶವನ್ನೇ ಬೆಚ್ಚಿಬೀಳಿಸಿತು. ಮಗುವಿನ ಉಸಿರಾಟದ ತೀವ್ರ ತೊಂದರೆಗೆ ಕಾರಣ ಯಾವುದೋ ಅಪರೂಪದ ಕಾಯಿಲೆಯಲ್ಲ. ಅದು ವಾಸವಿದ್ದ ಮನೆಯ ಗೋಡೆಗಳ ಮೇಲೆ ಬಹುಕಾಲದಿಂದ ಬೆಳೆದಿದ್ದ ಬೂಷ್ಟು!

ಆ ಕುಟುಂಬ ಇದ್ದುದು ವಸತಿ ಸಂಸ್ಥೆಯೊಂದರ ಬಾಡಿಗೆ ಮನೆಯಲ್ಲಿ. ಮಲಗುವ ಕೋಣೆ ಒಂದೇ. ಬೂಷ್ಟಿನ ಬಗ್ಗೆ ತಂದೆ ಮೊದಲು ದೂರು ಕೊಟ್ಟದ್ದು 2017ರಲ್ಲಿ, ಅಂದರೆ ಮಗು ಹುಟ್ಟುವುದಕ್ಕೂ ಮುಂಚೆ. ಅದರ ಮೇಲೆ ಬಣ್ಣ ಬಳಿಯಿರಿ ಎಂಬ ಸಲಹೆ ಸಿಕ್ಕಿತು. 2020ರ ಜೂನ್‌ನಲ್ಲಿ ಅವರು ವಕೀಲರ ಮೂಲಕ ಪರಿಹಾರ ಕೇಳಿದರು. ಜುಲೈನಲ್ಲಿ ತಪಾಸಣೆಯೂ ನಡೆಯಿತು. ಅಡುಗೆಮನೆ ಮತ್ತು ಬಚ್ಚಲಿನಲ್ಲಿ ಬೂಷ್ಟು ಇದೆ, ಸರಿಪಡಿಸಬೇಕು ಎಂಬುದು ದಾಖಲಾಯಿತು. ಆದರೆ ವಕೀಲರ ಕಡೆಯಿಂದ ಒಪ್ಪಿಗೆ ಬರುವ ತನಕ ದುರಸ್ತಿಗೆ ಕೈಹಾಕಬಾರದು ಎಂಬುದು ಸಂಸ್ಥೆಯ ನಿಯಮವಾಗಿತ್ತು. ಕಾಗದಗಳು ಓಡಾಡುತ್ತಿದ್ದಂತೆ ಚಳಿಗಾಲ ಬಂತು.

ಅಂದರೆ ಪರೀಕ್ಷೆ ನಡೆದಿತ್ತು, ಫಲಿತಾಂಶವೂ ಗೊತ್ತಿತ್ತು. ಆದರೆ ಗೋಡೆ ಒದ್ದೆಯಾಗಿಯೇ ಉಳಿದಿತ್ತು. ಮನೆಗಳ ಬೂಷ್ಟು ಪರೀಕ್ಷೆ ಇಂದು ಹಲವು ದೇಶಗಳಲ್ಲಿ ದೊಡ್ಡ ಉದ್ಯೋಗವಾಗಿದೆ. ಈ ಪರೀಕ್ಷೆ ಏನನ್ನು ಹುಡುಕಬೇಕು, ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ನಾವೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ನಮ್ಮ ಮಲೆನಾಡು, ಕರಾವಳಿಯ ಮನೆಗಳಿಗೆ ಈ ಅತಿಥಿ ಹೊಸಬನಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಚಪ್ಪಲಿ, ಬೆಲ್ಟು, ಟ್ರಂಕಿನೊಳಗಿನ ಸೀರೆ, ಕೊನೆಗೆ ಮಕ್ಕಳ ಅಂಕಪಟ್ಟಿಯ ಮೇಲೂ ಬೂಷ್ಟು ಬರುತ್ತದೆ.

ಬೀಜ ಎಲ್ಲೆಲ್ಲೂ ಇದೆ

ಬೂಷ್ಟು ಒಂದು ಶಿಲೀಂಧ್ರ. ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮರ, ಕಾಗದ, ಚರ್ಮ, ಹತ್ತಿ ಬಟ್ಟೆ, ಗೋಡೆಯ ಬಣ್ಣದಲ್ಲಿನ ಅಂಟು, ಅದರ ಮೇಲೆ ಕೂತ ಧೂಳು ಎಲ್ಲವೂ ಅದಕ್ಕೆ ಊಟವೇ. ನೂಲಿನಂಥ ಎಳೆಗಳನ್ನು ಹರಡಿ ಪೋಷಕಾಂಶವನ್ನು ಹೀರಿಕೊಂಡು, ಕೊನೆಗೆ ಲೆಕ್ಕವಿಲ್ಲದಷ್ಟು ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ಸಾಮಾನ್ಯವಾಗಿ ಇವುಗಳ ಗಾತ್ರ 2ರಿಂದ 10 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಎಂಬುದನ್ನು ನೆನಪಿಸಿಕೊಂಡರೆ ಇವು ಎಷ್ಟು ಸೂಕ್ಷ್ಮವೆಂದು ಊಹಿಸಬಹುದು.

1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ ತಟ್ಟೆಗೆ ಇಂಥದೇ ಒಂದು ಬೀಜಾಣು ಬಿದ್ದು ಬೆಳೆದದ್ದರಿಂದ ಪೆನಿಸಿಲಿನ್ ಪತ್ತೆಯಾದ ಕಥೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಆ ಕಥೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಬೀಜಾಣು ಇಲ್ಲದ ಗಾಳಿ ಎಂಬುದು ಮನೆಗಳಲ್ಲಿ ಇಲ್ಲವೇ ಇಲ್ಲ. ಆಹಾರವೂ ಎಲ್ಲೆಡೆ ಇದೆ. ಹಾಗಾದರೆ ಎಲ್ಲ ಗೋಡೆಗಳಲ್ಲೂ ಬೂಷ್ಟು ಏಕೆ ಬೆಳೆಯುವುದಿಲ್ಲ? ಕೊರತೆ ಇರುವುದು ಒಂದರದೇ: ನೀರಿನದು. ಒದ್ದೆಯಾದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಹಿಡಿಯುವುದಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ.

ಗೋಡೆ ಬೆವರುವುದೇಕೆ?

ನೀರು ಬರುವುದಕ್ಕೆ ಸೋರುವ ತಾರಸಿಯೇ ಬೇಕೆಂದಿಲ್ಲ. ಗಾಳಿಯಿಂದಲೂ ಬರಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಯಲ್ಲಿ ಅದು ಸುಮಾರು 9 ಗ್ರಾಂ ಮಾತ್ರ. ಕೋಣೆಯ ಗಾಳಿ 20 ಡಿಗ್ರಿಯಲ್ಲಿದ್ದು, ಅದರ ಸಾಪೇಕ್ಷ ಆರ್ದ್ರತೆ ಶೇ. 70 ಇದೆಯೆನ್ನಿ. ಆಗ ಅದರಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಈ ಗಾಳಿ 10 ಡಿಗ್ರಿಯ ತಣ್ಣನೆಯ ಹೊರಗೋಡೆಗೆ ತಾಗಿದರೆ ಏನಾಗುತ್ತದೆ? ಹಿಡಿದಿಡಲಾಗದ 3 ಗ್ರಾಂ ನೀರು ಗೋಡೆಯ ಮೇಲೆ ಹನಿಯಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಹೀಗೆಯೇ. ಹನಿಗಟ್ಟಲು ಶುರುವಾಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು.

ಉಸಿರಾಟ, ಅಡುಗೆ, ಸ್ನಾನ, ಬಟ್ಟೆ ಒಣಹಾಕುವುದು ಇವೆಲ್ಲವೂ ಮನೆಯ ಗಾಳಿಗೆ ನೀರನ್ನು ಸೇರಿಸುತ್ತಲೇ ಇರುತ್ತವೆ. ಅದು ಹೊರಹೋಗಲು ದಾರಿ ಬೇಕು. ರಾಚ್‌ಡೇಲಿನ ಆ ಮನೆಯಲ್ಲಿ ಗಾಳಿಯ ಓಡಾಟ ಸಾಲದಾಗಿತ್ತು, ದಿನನಿತ್ಯದ ಬದುಕಿಗೆ ತಕ್ಕ ವ್ಯವಸ್ಥೆಯೇ ಇರಲಿಲ್ಲ ಎಂದು ವಿಚಾರಣೆ ಕಂಡುಕೊಂಡಿತು. ಬೂಷ್ಟಿಗೆ ಬಾಡಿಗೆದಾರರ ಜೀವನ ಶೈಲಿಯೇ ಕಾರಣ ಎಂದು ಬೆರಳು ತೋರಿಸುವ ಚಾಳಿಯನ್ನು ಬಿಡಬೇಕೆಂದು ಅಲ್ಲಿನ ವಸತಿ ದೂರುಗಳ ವಿಚಾರಣಾಧಿಕಾರಿ 2021ರಲ್ಲೇ ವರದಿ ಮಾಡಿದ್ದರು.

ಪರೀಕ್ಷಕರು ಮಾಡುವುದೇನು?

ಒಳ್ಳೆಯ ತಪಾಸಣೆ ಶುರುವಾಗುವುದು ಕಣ್ಣು, ಮೂಗು ಮತ್ತು ಪ್ರಶ್ನೆಗಳಿಂದ. ಕಲೆ ಯಾವಾಗ ಕಾಣಿಸಿತು? ಮಳೆಯ ನಂತರ ಹೆಚ್ಚುತ್ತದೆಯೇ? ಗೋಡೆಯ ಆಚೆ ಬಚ್ಚಲಿದೆಯೇ? ಅನಂತರ ಉಪಕರಣಗಳ ಸರದಿ. ತೇವಮಾಪಕದ ಎರಡು ಮೊಳೆಗಳನ್ನು ಗೋಡೆಗೆ ಒತ್ತಿದಾಗ ಅವುಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರಿಂದ ತೇವದ ಅಂದಾಜು ಸಿಗುತ್ತದೆ. ಗೋಡೆಯಲ್ಲಿ ಉಪ್ಪಿನಂಶವಿದ್ದರೆ ಇದು ಮೋಸ ಹೋಗುವುದೂ ಉಂಟು. ಅವಕೆಂಪು ಕ್ಯಾಮೆರಾ ತಣ್ಣಗಿರುವ ಜಾಗವನ್ನು ತೋರಿಸುತ್ತದೆ. ಅದಕ್ಕೆ ಕಾಣುವುದು ಬೂಷ್ಟಲ್ಲ, ಉಷ್ಣತೆಯ ವ್ಯತ್ಯಾಸ ಮಾತ್ರ. ಪಾರದರ್ಶಕ ಅಂಟುಪಟ್ಟಿಯನ್ನು ಕಲೆಯ ಮೇಲೆ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬೂಷ್ಟೋ ಬರೀ ಮಸಿಯೋ ಎಂಬುದು ತಿಳಿಯುತ್ತದೆ.

ಗಾಳಿಯ ಪರೀಕ್ಷೆಗೆ ಒಂದು ಚಿಕ್ಕ ಪಂಪು ಬಳಸುತ್ತಾರೆ. ಅದು ನಿಮಿಷಕ್ಕೆ 15 ಲೀಟರಿನಂತೆ ಐದು ನಿಮಿಷ ಗಾಳಿಯನ್ನು ಎಳೆದು ಅಂಟು ಸವರಿದ ಗಾಜಿನ ಮೇಲೆ ಹಾಯಿಸುತ್ತದೆ. ಅಂಟಿಕೊಂಡ ಬೀಜಾಣುಗಳನ್ನು ಪ್ರಯೋಗಾಲಯದಲ್ಲಿ ಎಣಿಸುತ್ತಾರೆ. ಹೊರಗಿನ ಗಾಳಿಯನ್ನೂ ಹೀಗೆಯೇ ಪರೀಕ್ಷಿಸಿ ಎರಡನ್ನೂ ಹೋಲಿಸುತ್ತಾರೆ. ಒಳಗೆ ಹೆಚ್ಚಿದ್ದರೆ, ಅಥವಾ ಹೊರಗಿಲ್ಲದ ಜಾತಿ ಒಳಗಿದ್ದರೆ ಮನೆಯೊಳಗೆ ಎಲ್ಲೋ ಬೆಳೆಯುತ್ತಿದೆ ಎಂಬ ಗುಮಾನಿ.

ಎಣಿಕೆಯ ಮಿತಿ

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಐದು ನಿಮಿಷಕ್ಕೆ 75 ಲೀಟರ್. ಒಂದು ಘನ ಮೀಟರ್ ಎಂದರೆ 1000 ಲೀಟರ್. ಆದ್ದರಿಂದ ಗಾಜಿನ ಮೇಲೆ ಸಿಕ್ಕ ಒಂದೇ ಒಂದು ಬೀಜಾಣು ವರದಿಯಲ್ಲಿ 13 ಆಗುತ್ತದೆ! ಪರೀಕ್ಷೆಯ ಹೊತ್ತಿಗೆ ಯಾರೋ ಹಾಸಿಗೆ ಕೊಡವಿದರೆ, ಕಿಟಕಿ ತೆರೆದರೆ ಅಂಕಿ ಏರುಪೇರಾಗುತ್ತದೆ. ಐದು ನಿಮಿಷದ ಗಾಳಿ ಇಡೀ ವರ್ಷದ ಕಥೆ ಹೇಳಲಾರದು.

ಇನ್ನೂ ಮುಖ್ಯವಾದ ಮಾತೆಂದರೆ, ಗಾಳಿಯಲ್ಲಿ ಇಷ್ಟು ಬೀಜಾಣು ಇದ್ದರೆ ಸುರಕ್ಷಿತ, ಇದಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಸರ್ವಸಮ್ಮತ ಗೆರೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಅಂಥ ಅಂಕಿ ಇಲ್ಲ. ಮನೆಯಲ್ಲಿ ತೇವ ಮತ್ತು ಬೂಷ್ಟು ನಿಲ್ಲದಂತೆ ನೋಡಿಕೊಳ್ಳಿ ಎಂಬುದೇ ಅದರ ಸಾರ. ತೇವದ ಮನೆಗೂ ಉಬ್ಬಸ, ಕೆಮ್ಮು, ಉಸಿರಾಟದ ಸೋಂಕುಗಳಿಗೂ ನಂಟಿದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅವಾಬ್‌ಗೆ ಆದಂಥ ಸಾವು ಅಪರೂಪ. ಆದರೆ ಉಬ್ಬಸವಿರುವ ಮಗು ಬೂಷ್ಟಿನ ಕೋಣೆಯಲ್ಲಿ ನರಳುವುದು ಅಪರೂಪವಲ್ಲ.

ಜಾತಿಯ ಹೆಸರಿನ ಹಿಂದೆ ಬಿದ್ದು ಗೊಂದಲವಾದ ಉದಾಹರಣೆಯೂ ಇದೆ. 1993-94ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ಸ್ಟಾಕಿಬೋಟ್ರಿಸ್ ಎಂಬ ಕಪ್ಪು ಬೂಷ್ಟಿನ ಮೇಲೆ ಸಂಶಯ ಬಂತು. 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಮತ್ತೆ ಪರಿಶೀಲಿಸಿ, ಆ ನಂಟು ಸಾಬೀತಾಗಿಲ್ಲ ಎಂದಿತು. ಅಷ್ಟರಲ್ಲಿ 'ಕರಿ ಬೂಷ್ಟು' ಎಂಬ ಭೀತಿ ಹಬ್ಬಿಯಾಗಿತ್ತು. ಬಣ್ಣ ನೋಡಿ ಅಪಾಯ ಅಳೆಯಲಾಗದು. ಕಣ್ಣಿಗೆ ಬೂಷ್ಟು ಕಾಣುತ್ತಿದ್ದರೆ ಬಹುತೇಕ ಸಂದರ್ಭಗಳಲ್ಲಿ ಗಾಳಿ ಪರೀಕ್ಷೆಯೇ ಬೇಕಿಲ್ಲ, ಮೊದಲು ನೀರನ್ನು ನಿಲ್ಲಿಸಿ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ತೆರೆದಿಟ್ಟು ಬೂಷ್ಟು ಬೆಳೆಸುವ ತಟ್ಟೆಗಳನ್ನು ಮಾರುವವರೂ ಇದ್ದಾರೆ. ಅದರಲ್ಲಿ ಏನಾದರೊಂದು ಬೆಳೆಯದೆ ಇರುವುದಿಲ್ಲ. ಫ್ಲೆಮಿಂಗ್‌ನ ತಟ್ಟೆಯಲ್ಲೂ ಬೆಳೆದಿತ್ತಲ್ಲ!

ಇನ್ನೊಂದು ಎಚ್ಚರಿಕೆ. ಪರೀಕ್ಷೆ ಮಾಡುವವನೇ ಶುಚಿಗೊಳಿಸುವ ಗುತ್ತಿಗೆಯನ್ನೂ ಹಿಡಿದರೆ ಅವನಿಗೆ ಎಲ್ಲ ಗೋಡೆಯಲ್ಲೂ ಬೂಷ್ಟು ಕಾಣುವ ಸಂಭವವಿದೆ. ಹಾಗಾಗಿಯೇ ಒಂದೇ ಕಾಮಗಾರಿಯಲ್ಲಿ ಇವೆರಡನ್ನೂ ಒಬ್ಬರೇ ಮಾಡಬಾರದೆಂದು ಅಮೆರಿಕದ ಟೆಕ್ಸಾಸ್ ರಾಜ್ಯ 2003ರ ಕಾನೂನಿನಲ್ಲಿ ಕಟ್ಟಳೆ ತಂದಿತು. ಹಾಗೆಂದು ಪರೀಕ್ಷೆ ವ್ಯರ್ಥವೆಂದಲ್ಲ. ವಾಸನೆ ಇದ್ದು ಕಲೆ ಕಾಣದಿದ್ದಾಗ, ದೊಡ್ಡ ದುರಸ್ತಿಯ ನಂತರ ಕೆಲಸ ಸರಿಯಾಯಿತೇ ಎಂದು ನೋಡಲು, ಮಾಲೀಕ ಮತ್ತು ಬಾಡಿಗೆದಾರರ ನಡುವೆ ವ್ಯಾಜ್ಯವಾದಾಗ ತಜ್ಞರ ವರದಿ ಬೇಕೇ ಬೇಕು.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳು ಹಿರಿಯರೊಂದಿಗೆ ಸೇರಿ ಮಾಡಬಹುದಾದ ಕೆಲವು ಸರಳ ಪರೀಕ್ಷೆಗಳಿವೆ.

ಮೊದಲನೆಯದು ಹಾಳೆಯ ಪರೀಕ್ಷೆ. ಒದ್ದೆ ಗೋಡೆಯ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲಿಟ್ಟು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ, ಗಾಳಿ ಆಡದಂತೆ ಮಾಡಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ನೀರು ಕೋಣೆಯ ಗಾಳಿಯಿಂದ ಬಂದದ್ದು. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ಎರಡನೆಯದು ಚೊಂಬಿನ ಪರೀಕ್ಷೆ. ಹೊಳೆಯುವ ಸ್ಟೀಲಿನ ಚೊಂಬಿನಲ್ಲಿ ನೀರು ಹಾಕಿ, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಬಿಟ್ಟು ಕಲಕುತ್ತಿರಿ. ಹೊರಮೈ ಮಸುಕಾದ ಕ್ಷಣದಲ್ಲಿ ನೀರಿನ ಉಷ್ಣತೆಯನ್ನು ಗುರುತಿಸಿಕೊಳ್ಳಿ. ಅದೇ ನಿಮ್ಮ ಕೋಣೆಯ ಇಬ್ಬನಿ ಬಿಂದು. ಗೋಡೆ ಅದಕ್ಕಿಂತ ತಣ್ಣಗಿದ್ದರೆ ಬೆವರುತ್ತದೆ.

ಮೂರನೆಯದು ಪೆನ್ಸಿಲ್ ಪರೀಕ್ಷೆ. ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ತಾರೀಖು ಬರೆಯಿರಿ. ಮಳೆ ಬಂದಾಗ ಮಾತ್ರ ಹಿಗ್ಗಿದರೆ ತಾರಸಿಯನ್ನೋ ಗೋಡೆಯ ಬಿರುಕನ್ನೋ ನೋಡಿ. ಬೇಸಿಗೆಯಲ್ಲೂ ಹಿಗ್ಗಿದರೆ ಪೈಪು ಸೋರುತ್ತಿರಬಹುದು. ನೆಲದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ಏರಿದ್ದರೆ ತಳಪಾಯದಿಂದ ತೇವ ಹತ್ತುತ್ತಿದೆ. ಗೋಡೆಯ ಮೇಲಿನ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಒಂದು ಹನಿ ನೀರಿಗೆ ಕರಗಿದರೆ ಅದು ಇಟ್ಟಿಗೆ, ಸಿಮೆಂಟಿನಿಂದ ಹೊರಬಂದ ಲವಣ.

ನಮ್ಮ ಮಳೆಗಾಲದಲ್ಲಿ ಒಂದು ವಿಶೇಷವಿದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಕಿಟಕಿ ತೆರೆದ ಮಾತ್ರಕ್ಕೆ ಮನೆ ಒಣಗದು. ಆದರೆ 20 ಡಿಗ್ರಿಯಲ್ಲಿ ತುಂಬ ತೇವ ಹೊತ್ತ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ನೂರರಿಂದ ಸುಮಾರು 57ಕ್ಕೆ ಇಳಿಯುತ್ತದೆ. ಬಿಸಿ ಗಾಳಿಗೆ ನೀರು ಹಿಡಿಯುವ ಶಕ್ತಿ ಹೆಚ್ಚು. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರಡದಿರುವುದು, ಬೀರುವನ್ನು ಹೊರಗೋಡೆಯಿಂದ ಸ್ವಲ್ಪ ದೂರ ಇಡುವುದು, ಅಡುಗೆಮನೆಯ ಆವಿ ಹೊರಹೋಗುವಂತೆ ಮಾಡುವುದು ಇವು ಖರ್ಚಿಲ್ಲದ ಕ್ರಮಗಳು.

ಹತ್ತು ಚದರ ಅಡಿಗಿಂತ ಕಡಿಮೆ ಜಾಗದ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಮೂಗು, ಬಾಯಿಗೆ ಮುಖಗವಸು, ಕೈಗೆ ರಬ್ಬರ್ ಗವಸು ಹಾಕಿಕೊಂಡು ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ಒಣ ಪೊರಕೆಯಿಂದ ಕೆರೆದರೆ ಬೀಜಾಣುಗಳು ಮನೆ ತುಂಬ ಹಾರುತ್ತವೆ. ಬ್ಲೀಚಿಂಗ್ ಪೌಡರ್ ಜೊತೆ ಶೌಚಾಲಯದ ಆಸಿಡ್ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಉಬ್ಬಸವಿರುವವರು, ಚಿಕ್ಕ ಮಕ್ಕಳು ಆ ಹೊತ್ತಿನಲ್ಲಿ ದೂರವಿರಲಿ. ಸೋರಿಕೆ ನಿಲ್ಲಿಸದೆ ಮೇಲೆ ಬಣ್ಣ ಬಳಿದರೆ ಕಲೆ ಮರೆಯಾಗುತ್ತದೆ, ತೇವ ಹಾಗೆಯೇ ಇರುತ್ತದೆ.

ರಾಚ್‌ಡೇಲಿನ ಮಗುವಿನ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಈಗ ಕಾನೂನು ಬಂದಿದೆ. 2023ರಲ್ಲಿ ಅಂಗೀಕಾರವಾದ ಕಾಯಿದೆಯಡಿ 'ಅವಾಬ್ ಕಾನೂನಿ'ನ ಮೊದಲ ಹಂತ 2025ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಅದರಂತೆ ಸಾಮಾಜಿಕ ವಸತಿಯ ಮನೆಗಳಲ್ಲಿ ಗಂಭೀರ ಸ್ವರೂಪದ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ತಪಾಸಣೆ ಮಾಡಬೇಕು. ಅಪಾಯ ಕಂಡುಬಂದರೆ ತಪಾಸಣೆ ಮುಗಿದ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು. ತುರ್ತು ಅಪಾಯವಾದರೆ 24 ಗಂಟೆಗಳಲ್ಲೇ. ಪರೀಕ್ಷೆಗೂ ದುರಸ್ತಿಗೂ ನಡುವೆ ಇದ್ದ ಕಂದಕವನ್ನು ಕಾನೂನು ಹೀಗೆ ಮುಚ್ಚಿತು.

ಮುಂದಿನ ಸಲ ನಿಮ್ಮ ಮಗು ಹಾಸಿಗೆಯ ಪಕ್ಕದ ಗೋಡೆಯ ಕಲೆಯನ್ನು ತೋರಿಸಿದರೆ, ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗಬೇಡಿ. ಒಂದು ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚನ್ನು ಗುರುತಿಸಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮಗುವಿನ ಜೊತೆಗೇ ಹುಡುಕಿ. ಅದು ಸಿಕ್ಕುವ ತನಕ ಹಾಸಿಗೆಯನ್ನು ಆ ಗೋಡೆಯಿಂದ ದೂರ ಸರಿಸಿ.