ಜೀನ್ಸ್ ಉಡುಪಿನ ಬೆಲೆ ಮತ್ತು ಬಾಳಿಕೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಅಮೃತಹಳ್ಳಿಯ ಸಮೀಪ ಹಾದುಹೋಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂದು ಹೆಸರು. ಈ ರಸ್ತೆಯ ಮೇಲೆ, ಬ್ಯಾಟರಾಯನಪುರದಲ್ಲಿ, 2023ರಲ್ಲಿ ಆರಂಭವಾದ ಫೀನಿಕ್ಸ್ ಮಾಲ್ ಆಫ್ ಏಷ್ಯಾದಂತಹ ಮಳಿಗೆಗಳಲ್ಲಿ ಜಗತ್ಪ್ರಸಿದ್ಧ ಹೆಸರುಗಳನ್ನು ಹೊತ್ತ ಜೀನ್ಸ್ ಷರಾಯಿಗಳು ಹಲವು ಸಾವಿರ ರೂಪಾಯಿಗಳಿಗೆ ಮಾರಾಟವಾಗುತ್ತವೆ. ರಸ್ತೆಗೆ ತನ್ನ ಹೆಸರನ್ನು ಕೊಟ್ಟ ಬಳ್ಳಾರಿ ನಗರದಲ್ಲಿಯಾದರೋ ನೂರಾರು ಸಣ್ಣ ಘಟಕಗಳು ಇದೇ ಬಗೆಯ ಉಡುಪನ್ನು ಹೊಲಿದು ಕೆಲವೇ ನೂರು ರೂಪಾಯಿಗಳಿಗೆ ಸಗಟು ವ್ಯಾಪಾರಿಗಳಿಗೆ ಒದಗಿಸುತ್ತವೆ. ಎರಡೂ ನೂಲಿನ ಬಟ್ಟೆ. ಎರಡರ ಬಣ್ಣವೂ ನೀಲಿ. ಹಾಗಿದ್ದ ಮೇಲೆ ಬೆಲೆಯಲ್ಲಿ ಇಷ್ಟು ಅಂತರವೇಕೆ? ಹೆಚ್ಚಿನ ಹಣಕ್ಕೆ ತಕ್ಕ ಪ್ರತಿಫಲ ಕೊಳ್ಳುವವನಿಗೆ ದೊರೆಯುತ್ತದೆಯೆ? ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವ ಈ ಪ್ರಶ್ನೆಗೆ ಇತಿಹಾಸದ ದೃಷ್ಟಿಯಿಂದ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಬಟ್ಟೆಯ ಸ್ವರೂಪವನ್ನು ತಿಳಿಯಬೇಕು. ಡೆನಿಮ್ ಎಂಬುದು ಓರೆಗೆರೆ ಕಾಣುವಂತೆ ನೇಯ್ದ ದಪ್ಪ ಹತ್ತಿಯ ಬಟ್ಟೆ. ಇದರ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣವನ್ನು ಹಾಕಿ, ಹೊಕ್ಕಿನ ನೂಲನ್ನು ಬಿಳಿಯಾಗಿಯೇ ಉಳಿಸುತ್ತಾರೆ. ಆದುದರಿಂದಲೇ ಬಟ್ಟೆಯ ಹೊರಮೈ ನೀಲಿಯಾಗಿಯೂ ಒಳಮೈ ಬಿಳುಪಾಗಿಯೂ ಕಾಣುತ್ತದೆ. ನೀಲಿಯು ನೂಲಿನ ತಿರುಳನ್ನು ಸೇರದೆ ಹೊರಪದರದಲ್ಲಿಯೇ ನಿಲ್ಲುವುದರಿಂದ, ತೊಟ್ಟಂತೆಲ್ಲ ಬಣ್ಣ ಸವೆದು ಬಿಳುಪು ಇಣುಕುತ್ತದೆ.

ಈ ಬಟ್ಟೆಯ ಷರಾಯಿ ಹುಟ್ಟಿದ್ದು ಶ್ರಮಜೀವಿಗಳಿಗಾಗಿ. ಅಮೆರಿಕದ ನೆವಾಡ ಸಂಸ್ಥಾನದ ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸ್, ಕೂಲಿಗಾರರ ಜೇಬುಗಳು ಪದೇ ಪದೇ ಹರಿಯುವುದನ್ನು ಕಂಡು, ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟುಗಳನ್ನು ಬಡಿದನು. ಆತನೂ ಆತನಿಗೆ ಬಟ್ಟೆಯನ್ನು ಒದಗಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ಲೆವಿ ಸ್ಟ್ರಾಸನ ಸಂಸ್ಥೆಯೂ ಸೇರಿ 1873ರ ಮೇ 20ರಂದು ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಆಗ ಗಿರಾಕಿಯು ಹಣ ತೆತ್ತದ್ದು ಒಂದು ಗುಣಕ್ಕಾಗಿ. ಆ ಗುಣವನ್ನು ಕಣ್ಣಿನಿಂದ ಕಾಣಬಹುದಾಗಿತ್ತು, ಕೈಯಿಂದ ಎಳೆದು ಪರೀಕ್ಷಿಸಬಹುದಾಗಿತ್ತು.

ಆದರೆ ಪೇಟೆಂಟ್ ಶಾಶ್ವತವಲ್ಲ. 1890ರ ಸುಮಾರಿಗೆ ಅದರ ಅವಧಿ ತೀರಿ, ರಿವೆಟ್ ಬಡಿಯುವ ಹಕ್ಕು ಎಲ್ಲರದೂ ಆಯಿತು. ಈ ಸಂಧಿಕಾಲದಲ್ಲಿ ನಡೆದುದು ಗಮನಾರ್ಹ. 1886ರಲ್ಲಿ ಎರಡು ಕುದುರೆಗಳ ಚಿತ್ರವುಳ್ಳ ಚರ್ಮದ ಪಟ್ಟಿ, 1890ರಲ್ಲಿ 501 ಎಂಬ ಸಂಖ್ಯೆ, 1936ರಲ್ಲಿ ಹಿಂಜೇಬಿನ ಅಂಚಿಗೆ ಕೆಂಪು ಗುರುತು—ಹೀಗೆ ಒಂದರ ಹಿಂದೆ ಒಂದು ಚಿಹ್ನೆ ಬಂದಿತು. ಗುಣವನ್ನು ಇತರರೂ ಅನುಕರಿಸಬಹುದಾದಾಗ, ಅನುಕರಿಸಲಾಗದ ವಸ್ತುವಾಗಿ ಉಳಿದದ್ದು ಹೆಸರೊಂದೇ. 1970ರ ದಶಕದ ಕೊನೆಗೆ ಕ್ಯಾಲ್ವಿನ್ ಕ್ಲೈನ್, ಗ್ಲೋರಿಯಾ ವ್ಯಾಂಡರ್‌ಬಿಲ್ಟ್ ಮೊದಲಾದವರ ಹೆಸರುಗಳು ಹಿಂಜೇಬಿನ ಮೇಲೆ ಮೂಡಿದಾಗ ಈ ಪರಿವರ್ತನೆ ಪೂರ್ಣವಾಯಿತೆನ್ನಬಹುದು. ಕೂಲಿಗಾರನ ಉಡುಪು ಶ್ರೀಮಂತಿಕೆಯ ಲಾಂಛನವಾಯಿತು.

ಹಾಗೆಂದ ಮಾತ್ರಕ್ಕೆ ಬೆಲೆಯ ಅಂತರವೆಲ್ಲವೂ ಹುಸಿಯೆಂದು ತಿಳಿಯಬಾರದು. ಬಟ್ಟೆಯ ತೂಕ, ನೂಲಿನ ಗುಣ, ಒಳಗಿನ ಹೊಲಿಗೆಯ ದಾರ್ಢ್ಯ, ಜಿಪ್ಪು ಮತ್ತು ಗುಂಡಿಗಳ ಗಟ್ಟಿತನ, ಮೈಗೊಪ್ಪುವ ಕತ್ತರಿಕೆ—ಇವಕ್ಕೆ ನಿಜವಾಗಿಯೂ ಖರ್ಚು ತಗಲುತ್ತದೆ. ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುವ ಬಟ್ಟೆಯು ತೆಳು ಬಟ್ಟೆಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಹಳೆಯ ಲಾಳಿ ಮಗ್ಗದಲ್ಲಿ ಕಟ್ಟಂಚು ಬರುವಂತೆ ನೇಯ್ದ ಬಟ್ಟೆಯ ಪನ್ನ ಕಿರಿದು, ನೇಯ್ಗೆ ನಿಧಾನ. ಅದಕ್ಕೆ ಬೆಲೆ ಹೆಚ್ಚಾಗುವುದು ಸಹಜ. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಮಸುಕುಮಾಡಿದ, ಹರಿದ ಷರಾಯಿಗೆ ಹೆಚ್ಚು ಬೆಲೆ ಕೊಡುವವನು ಬಟ್ಟೆಯ ಆಯುಸ್ಸಿನ ಒಂದು ಭಾಗವನ್ನು ಮೊದಲೇ ಕಳೆದುಕೊಂಡು ಮನೆಗೆ ಒಯ್ಯುತ್ತಾನೆ. ಮರಳನ್ನು ಚಿಮ್ಮಿಸಿ ಬಟ್ಟೆಯನ್ನು ಸವೆಸುವ ವಿಧಾನದಿಂದ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತಗಲಿ, ತುರ್ಕಿ ದೇಶವು 2009ರಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಬೆಲೆಯ ಅಂಗಾಂಗಗಳನ್ನು ಬಿಡಿಸಿ ನೋಡಲು ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. 1995ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್ ಸಂಸ್ಥೆಯು ‘ರಫ್ ಅಂಡ್ ಟಫ್’ ಎಂಬ ಹೆಸರಿನಲ್ಲಿ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟುಗಳನ್ನು ಒಂದೇ ಪೊಟ್ಟಣದಲ್ಲಿಟ್ಟು ಸುಮಾರು 195 ರೂಪಾಯಿಗೆ ಮಾರಿತು. ಹೊಲಿಗೆ ಊರಿನ ದರ್ಜಿಯ ಪಾಲಿಗೆ ಉಳಿಯಿತು. ಸಾಮಗ್ರಿಗೆಷ್ಟು, ಕೈಗೆಲಸಕ್ಕೆಷ್ಟು ಎಂಬುದು ಹಳ್ಳಿಯ ಗಿರಾಕಿಗೂ ಬೇರೆ ಬೇರೆಯಾಗಿ ಗೋಚರಿಸಿತು.

ವಾಚಕರು ಒಂದು ಸರಳವಾದ ಲೆಕ್ಕವನ್ನು ತಾವೇ ಮಾಡಬಹುದು. 1,000 ರೂಪಾಯಿಯ ಷರಾಯಿಯನ್ನು ನೂರು ಸಲ ತೊಟ್ಟರೆ ಸಲಕ್ಕೆ ಹತ್ತು ರೂಪಾಯಿ ಬೀಳುತ್ತದೆ. 3,000 ರೂಪಾಯಿಯದು ಮುನ್ನೂರು ಸಲ ಬಾಳಿದರೆ ನಷ್ಟವೇನೂ ಇಲ್ಲ. 10,000 ರೂಪಾಯಿಯದಾದರೆ ಸಾವಿರ ಸಲ ಬಾಳಬೇಕು. ವಾರಕ್ಕೆ ಮೂರು ದಿನ ತೊಟ್ಟರೂ ಆರು ವರ್ಷಕ್ಕೆ ಮಿಗಿಲಾಯಿತು. ಅಷ್ಟು ಕಾಲ ಬಟ್ಟೆ ತಾಳಬೇಕು. ತೊಡುವವನ ಸೊಂಟದಳತೆಯೂ ಬದಲಾಗದಿರಬೇಕು!

ಹೆಸರಿಗೆಂದು ತೆತ್ತ ಹಣ ಹೊಲಿದ ಕೈಗೆ ಸೇರುತ್ತದೆಯೆ ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಕಾರ್ಖಾನೆಯಲ್ಲಿ ಹಲವು ಹೆಸರುಗಳ ಉಡುಪು ಸಿದ್ಧವಾಗುವುದು ಈ ಉದ್ಯಮದಲ್ಲಿ ವಾಡಿಕೆ. ಚೀಟಿಯ ಮೇಲಿನ ಬೆಲೆ ಏರಿತೆಂದು ಹೊಲಿಯುವವಳ ಕೂಲಿ ಏರುವುದಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಹಸ್ರಾರು ಉಡುಪು ಕಾರ್ಮಿಕರು, ಅವರಲ್ಲಿ ಬಹುಪಾಲು ಸ್ತ್ರೀಯರು, ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವುದಕ್ಕೆ ವಿಧಿಸಿದ ನಿರ್ಬಂಧವನ್ನು ವಿರೋಧಿಸಿ ಬೀದಿಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಕೈಬಿಟ್ಟಿತು. ತಮ್ಮ ಕೂಲಿಯಿಂದ ಉಳಿದ ಅಲ್ಪ ಹಣವೇ ಅವರಿಗೆ ಎಷ್ಟು ಅಮೂಲ್ಯವೆಂಬುದಕ್ಕೆ ಇದು ಸಾಕ್ಷಿ. ಕಡಮೆ ಬೆಲೆಯ ಉಡುಪೂ ದೋಷಮುಕ್ತವಲ್ಲ. ಬಟ್ಟೆ ಒಗೆದು ಹೊರಬಿಟ್ಟ ನೀಲಿ ನೀರನ್ನು ಶುದ್ಧಿಮಾಡದೆ ಹರಿಸಿದರೆ, ಚೀಟಿಯಲ್ಲಿ ಕಾಣದ ಆ ಬೆಲೆಯನ್ನು ಊರಿನ ಕೆರೆಕಾಲುವೆಗಳು ತೆರಬೇಕಾಗುತ್ತದೆ.

ಇಷ್ಟರಿಂದ ಫಲಿಸುವ ಅಭಿಪ್ರಾಯ ಇದು: ಒಂದು ಮಟ್ಟದವರೆಗೆ ಬೆಲೆಯೊಡನೆ ಬಾಳಿಕೆಯೂ ಏರುತ್ತದೆ, ಅದರಾಚೆಗೆ ಏರುವುದು ಹೆಸರಿನ ಬೆಲೆ ಮಾತ್ರ. ಹೆಸರನ್ನು ಕೊಳ್ಳುವುದು ಅಪರಾಧವಲ್ಲ. ಹೆಸರನ್ನೇ ಗುಣವೆಂದು ಭ್ರಮಿಸುವುದು ಅವಿವೇಕ. ಜೀನ್ಸ್ ಕೊಳ್ಳುವವರು ಹಿಂಜೇಬಿನ ಚಿಹ್ನೆಯನ್ನು ನೋಡುವ ಮೊದಲು ಷರಾಯಿಯ ಒಳಮಗ್ಗುಲನ್ನು ಹೊರಳಿಸಿ ಹೊಲಿಗೆಯನ್ನು ನೋಡಲಿ. 1873ರಲ್ಲಿ ಕೂಲಿಗಾರನು ಪರೀಕ್ಷಿಸಿ ಕೊಂಡದ್ದು ಅದನ್ನೇ.